ತುಮಕೂರಲ್ಲಿ ಎರಡು ತಿಂಗಳಿದ್ದು ಲ್ಯಾಪ್‌ಟಾಪ್ ಕೆಲಸ ಮಾಡೋಕೆ ಯಾವ ಏರಿಯಾ?

ಪ್ರಶ್ನೆ:
ಕೆಲಸ ಪೂರ್ತಿ ಆನ್‌ಲೈನ್. ರಾತ್ರಿ ಹತ್ತರವರೆಗೂ ವಿಡಿಯೋ ಮೀಟಿಂಗ್ ಇರುತ್ತೆ. ವಾರಕ್ಕೊಂದು ದಿನ ಬೆಂಗಳೂರಿಗೆ ಹೋಗಿ ಬರಬೇಕು, ಗಾಡಿ ಇಲ್ಲ. ಎಸ್.ಎಸ್.ಪುರಂ, ಬಟವಾಡಿ, ಕ್ಯಾತ್ಸಂದ್ರ ಮೂರರಲ್ಲಿ ಯಾವುದು ವಾಸಿ? ಪಿಜಿ ಬೇಡ, ಒಂದು ರೂಮು, ಅಡುಗೆಮನೆ ಇದ್ರೆ ಸಾಕು.

ಉತ್ತರ 1:
ಗಾಡಿ ಇಲ್ಲ ಅಂದ್ಮೇಲೆ ಎಸ್.ಎಸ್.ಪುರಂ, ಇಲ್ಲಾಂದ್ರೆ ಅಶೋಕನಗರ. ಊಟ, ದಿನಸಿ, ಮೆಡಿಕಲ್ ಎಲ್ಲಾ ನಡೆದು ಹೋಗೋ ದೂರದಲ್ಲಿದೆ. ಆದ್ರೆ ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜು ಪಕ್ಕದಲ್ಲೇ ಇರೋದ್ರಿಂದ ಕಾಲೇಜು ಶುರುವಾಗೋ ಹೊತ್ತಿಗೆ ಸಣ್ಣ ಮನೆಗಳೆಲ್ಲ ಹುಡುಗರ ಪಾಲಾಗಿರುತ್ತೆ, ಎರಡು ತಿಂಗಳಿಗೆ ಅಂದ್ರೆ ಮಾಲೀಕರು ಮುಖ ಕೊಡಲ್ಲ. ರಜೆಯಲ್ಲಿ ವಿಚಾರಿಸಿ. 11 ತಿಂಗಳ ಕರಾರೇ ಬೇಕು ಅಂತ ಕೂತ್ರೆ, ಒಂದು ತಿಂಗಳು ಮುಂಚೆ ಹೇಳಿ ಬಿಡಬಹುದು ಅನ್ನೋದನ್ನೂ, ಬಣ್ಣಕ್ಕೆ ಅಂತ ಅಡ್ವಾನ್ಸಲ್ಲಿ ಎಷ್ಟು ಹಿಡೀತಾರೆ ಅನ್ನೋದನ್ನೂ ಅದರಲ್ಲೇ ಬರೆಸಿ. ಬಾಯಿಮಾತು ಖಾಲಿ ಮಾಡೋ ದಿನ ನಿಲ್ಲಲ್ಲ.

ಉತ್ತರ 2:
ಏರಿಯಾಗಿಂತ ಮೊದಲು ಮನೆಯೊಳಗೆ ಬರೋ ವೈರ್ ನೋಡಿ ಸರ್. ಸಣ್ಣ ಫೈಬರ್ ಎಳೆ ನೇರ ಮನೆಯ ಪೆಟ್ಟಿಗೆಗೇ ಬಂದಿದ್ರೆ ದಾರಿಯಲ್ಲಿರೋ ಸ್ಪ್ಲಿಟರ್‌ಗಳಿಗೆ (ಒಂದು ಎಳೆಯನ್ನ ಹಲವು ಮನೆಗೆ ಹಂಚೋ ಡಬ್ಬಿ) ಕರೆಂಟ್ ಬೇಡ. ಕರೆಂಟ್ ಹೋದ್ರೂ ನಿಮ್ಮ ರೌಟರ್ ಉರೀತಿದ್ರೆ ನೆಟ್ ಇರುತ್ತೆ. ಅದೇ ಪಕ್ಕದ ಮನೆ ಮಹಡಿಯಲ್ಲಿಟ್ಟಿರೋ ನೆಟ್‌ವರ್ಕ್ ಸ್ವಿಚ್‌ನಿಂದ (ನೆಟ್ ಹಂಚೋ ಪೆಟ್ಟಿಗೆ) ದಪ್ಪ ಲ್ಯಾನ್ ಕೇಬಲ್ ಎಳೆದಿದ್ರೆ, ಆ ಮನೆಯ ಕರೆಂಟ್ ಹೋದ ಕ್ಷಣ ನಿಮ್ಮ ಮೀಟಿಂಗೂ ಹೋಯ್ತು. ನಿಮ್ಮ ಮನೇಲಿ ಯುಪಿಎಸ್ ಇದ್ರೂ ಪ್ರಯೋಜನ ಇಲ್ಲ.

ಸ್ಪೀಡ್ ಪರೀಕ್ಷೆ ಮಧ್ಯಾಹ್ನ ಮಾಡ್ಬೇಡಿ, ರಾತ್ರಿ ಎಂಟರ ಮೇಲೆ ಮಾಡಿ. ಅಪ್‌ಲೋಡ್ 5 ಎಂಬಿಪಿಎಸ್‌ಗಿಂತ ಕೆಳಗಿಳಿದ್ರೆ ಆ ಮನೆ ಬಿಡಿ. ರೌಟರ್‌ಗೆ ಸಣ್ಣ ಯುಪಿಎಸ್ ತಗೊಳೋವಾಗ ಅಡಾಪ್ಟರ್ ಮೇಲಿನ ವೋಲ್ಟ್ ಓದಿ. 9 ವೋಲ್ಟಿನದಕ್ಕೆ 12 ವೋಲ್ಟ್ ಕೊಟ್ರೆ ಸುಟ್ಟು ಹೋಗಬಹುದು.

ಉತ್ತರ 3:
ಬೆಂಗಳೂರು ಬಸ್ಸಿಗೆ ಬಟವಾಡಿ, ಕ್ಯಾತ್ಸಂದ್ರ ಅನುಕೂಲ, ಊರೊಳಗಿನ ಟ್ರಾಫಿಕ್ ತಪ್ಪುತ್ತೆ. ಹೆದ್ದಾರಿ ಕಡೆ ಕಿಟಕಿ ಇರೋ ರೂಮು ಮಾತ್ರ ಬೇಡ, ಲಾರಿ ಹಾರನ್ ಮೈಕಿಗೆ ಹಾಗೇ ಬರುತ್ತೆ. ಎರಡು ಅಡ್ಡರಸ್ತೆ ಒಳಗೆ ನೋಡಿ. ಶಿವರಾತ್ರಿ ಸುಮಾರಿಗೆ ಸಿದ್ಧಗಂಗೆ ಜಾತ್ರೆ, ಆಗ ಕ್ಯಾತ್ಸಂದ್ರ ತುಂಬಿ ತುಳುಕುತ್ತೆ. ವಾಪಸ್ ಬರೋವಾಗ ಮೆಟ್ರೋ ಹಸಿರು ಮಾರ್ಗದಲ್ಲಿ ಮಾದಾವರದವರೆಗೆ ಬನ್ನಿ (2024ರ ನವೆಂಬರ್‌ನಿಂದ ಅಲ್ಲಿಯವರೆಗೂ ಓಡ್ತಿದೆ), ಅಲ್ಲಿಂದ ತುಮಕೂರು ಬಸ್ ಹತ್ತಿದ್ರೆ ಗೊರಗುಂಟೆಪಾಳ್ಯದ ಜಾಮ್ ತಪ್ಪುತ್ತೆ.

ನೀರು ಕೇಳೋದು ಮರೀಬೇಡಿ: ಕಾರ್ಪೊರೇಷನ್ ನೀರು ಎಷ್ಟು ದಿನಕ್ಕೊಮ್ಮೆ, ಸಂಪ್ ಎಷ್ಟು ದೊಡ್ಡದು, ಬೋರ್ ಇದೆಯಾ.

ಪ್ರಶ್ನೆ ಕೇಳಿದವರು:
ಒಂದು ಮನೇಲಿ 150 ಎಎಚ್ ಬ್ಯಾಟರಿ ಇನ್ವರ್ಟರ್ ಇದೆ ಅಂತಾರೆ. ಸಾಕಾ?

ಉತ್ತರ 2:
ಫ್ಯಾನ್ 70, ಲ್ಯಾಪ್‌ಟಾಪ್ 60, ರೌಟರ್, ಲೈಟ್ ಸೇರಿ 20, ಒಟ್ಟು 150 ವ್ಯಾಟ್. ಬ್ಯಾಟರಿ ಹೊಸದಾಗಿದ್ರೆ ಏಳು ಗಂಟೆ ಆರಾಮಾಗಿ ಬರುತ್ತೆ, ಬೆಸ್ಕಾಂನವರು ನಿರ್ವಹಣೆಗೆ ಅಂತ ಹಗಲು ಪೂರ್ತಿ ತೆಗೆದ್ರೂ ನಡೆಯುತ್ತೆ. ಹಳೇದಾದ್ರೆ ಅರ್ಧಕ್ಕೇ ಕೈ ಕೊಡುತ್ತೆ. ಮನೆ ನೋಡೋಕೆ ಹೋದಾಗ ಮೇನ್ ಆಫ್ ಮಾಡಿಸಿ, ಫ್ಯಾನ್ ಹಾಕಿ ಅರ್ಧ ಗಂಟೆ ಕೂತ್ಕೊಳ್ಳಿ. ಅಷ್ಟರಲ್ಲೇ ಬೀಪ್ ಶುರುವಾದ್ರೆ ಬ್ಯಾಟರಿ ಬದಲಾಯಿಸಿ ಕೊಡಿ ಅನ್ನಿ, ಆಮೇಲೆ ಅಡ್ವಾನ್ಸ್.