ಎರಡು ಮೆಡಿಕಲ್ ಕಾಲೇಜು, ಒಂದನ್ನು ಬಿಡಬೇಕು: ಪಠ್ಯಕ್ರಮ ನೋಡಲೋ, ಊರು ನೋಡಲೋ?

ಎಪ್ರನ್‌ಹೊಸದು

ಎರಡು ಕಡೆ ಪ್ರವೇಶ ಸಿಕ್ಕಿದೆ. ಹತ್ತು ದಿನದೊಳಗೆ ಒಂದನ್ನು ಬಿಟ್ಟುಕೊಡಬೇಕು.

'ಅ' ಕಾಲೇಜು ಮಹಾನಗರದಲ್ಲಿದೆ. 1000 ಹಾಸಿಗೆಯ ಆಸ್ಪತ್ರೆ, ಬ್ಯಾಚ್‌ಗೆ 250 ಜನ. ಹಳೇ ಕ್ರಮ: ಮೊದಲು ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಮುಗಿಸಿ ಆಮೇಲೆ ವಾರ್ಡ್. ಹಾಸ್ಟೆಲ್‌ನಿಂದ ಆಸ್ಪತ್ರೆಗೆ ಬಸ್ಸಿನಲ್ಲಿ 40 ನಿಮಿಷ.

'ಬ' ಕಾಲೇಜು ಸಣ್ಣ ಪಟ್ಟಣದಲ್ಲಿದೆ. 500 ಹಾಸಿಗೆ, ಬ್ಯಾಚ್‌ಗೆ 100 ಜನ. ಹೃದಯ, ಶ್ವಾಸಕೋಶ, ಮೂತ್ರಪಿಂಡ ಅಂತ ಬ್ಲಾಕ್‌ಗಳಾಗಿ ಪಾಠ, ಸಣ್ಣ ಗುಂಪಿನಲ್ಲಿ ಕೇಸ್ ಚರ್ಚೆ. ಹಾಸ್ಟೆಲ್ ಆಸ್ಪತ್ರೆಯ ಆವರಣದಲ್ಲೇ ಇದೆ.

"ಸಾವಿರ ಹಾಸಿಗೆ ಬಿಟ್ಟು ಯಾರಾದ್ರೂ ಹೋಗ್ತಾರಾ?" ಅಂತ ಎಲ್ಲರೂ ಕೇಳ್ತಿದ್ದಾರೆ. ನನಗೆ ಜನರಲ್ ಮೆಡಿಸಿನ್ ಇಷ್ಟ. ಹೊರದೇಶದ ಟ್ರೇನಿಂಗ್ ದಾರಿಯೂ ಮುಚ್ಚಬಾರದು. ಯಾವುದನ್ನು ಅಳೆದು ನೋಡಲಿ?

ವಾರ್ಡ್‌ರೌಂಡ್

ಹಾಸಿಗೆ ಎಣಿಸಬೇಡಿ, ನಿಮ್ಮ ಪಾಲಿಗೆ ಬರುವ ರೋಗಿಗಳನ್ನು ಎಣಿಸಿ. ಸಾವಿರ ಹಾಸಿಗೆಯಲ್ಲಿ 300 ಸೂಪರ್ ಸ್ಪೆಷಾಲಿಟಿಗೆ ಹೋಗಿದೆ ಅಂದುಕೊಳ್ಳಿ. ಅಲ್ಲಿಗೆ ಪದವಿ ವಿದ್ಯಾರ್ಥಿಗಳ ಪೋಸ್ಟಿಂಗ್ ಇರುವುದೇ ಕಡಿಮೆ. ಉಳಿದ 700ರಲ್ಲಿ ನೂರಕ್ಕೆ 80 ತುಂಬಿದ್ದರೆ 560 ರೋಗಿಗಳು. ವಾರ್ಡಿಗೆ ಬರುವ ಮೂರು ಬ್ಯಾಚ್ ಸೇರಿ 750 ವಿದ್ಯಾರ್ಥಿಗಳು. ತಲೆಗೆ ಒಬ್ಬ ರೋಗಿಯೂ ಇಲ್ಲ. 'ಬ'ದಲ್ಲಿ ಸೂಪರ್ ಸ್ಪೆಷಾಲಿಟಿ ಇಲ್ಲ ಅಂದುಕೊಂಡು, 500ರ ಪೈಕಿ ನೂರಕ್ಕೆ 80ರಂತೆ 400 ಹಾಸಿಗೆ ತುಂಬಿದ್ದರೆ, 300 ವಿದ್ಯಾರ್ಥಿಗಳಿಗೆ 400 ರೋಗಿಗಳು. ಇದು ಊಹೆಯ ಲೆಕ್ಕ. ನಿಜವಾದ ಸಂಖ್ಯೆಯನ್ನು ಎರಡೂ ಕಡೆ ಕೇಳಿ: ಎಷ್ಟು ಹಾಸಿಗೆ ತುಂಬಿರುತ್ತೆ, ಸೂಪರ್ ಸ್ಪೆಷಾಲಿಟಿ ಬಿಟ್ಟು ಎಷ್ಟು, ಒಂದು ಯೂನಿಟ್‌ಗೆ ಒಂದೇ ಸಲ ಎಷ್ಟು ವಿದ್ಯಾರ್ಥಿಗಳನ್ನು ಹಾಕ್ತಾರೆ.

ಇನ್ನೊಂದು, ಸರದಿಯಲ್ಲಿ ನಿಮ್ಮ ಮುಂದೆ ಯಾರು ನಿಂತಿರ್ತಾರೆ ನೋಡಿ. ಪಿಜಿಗಳು (ಸ್ನಾತಕೋತ್ತರ ಓದುತ್ತಿರುವ ವೈದ್ಯರು) ಹೆಚ್ಚಿದ್ದ ಕಡೆ ಹೊಟ್ಟೆಯ ನೀರು ತೆಗೆಯುವುದು, ಲಂಬಾರ್ ಪಂಕ್ಚರ್ (ಬೆನ್ನಿಗೆ ಸೂಜಿ ಹಾಕಿ ನೀರು ತೆಗೆಯುವುದು) ಎಲ್ಲ ಅವರಿಗೇ ಹೋಗುತ್ತೆ. ವಿದ್ಯಾರ್ಥಿ ಹಿಂದೆ ನಿಂತು ಇಣುಕಬೇಕು. ಪಿಜಿಗಳೇ ಇಲ್ಲದಿದ್ದರೂ ಕಷ್ಟ. ರಾತ್ರಿ ಹನ್ನೊಂದಕ್ಕೆ ಇಸಿಜಿ ಹಿಡಿದು "ಇಲ್ಲಿ ನೋಡು, ಎಸ್‌ಟಿ ಮೇಲೆದ್ದಿದೆ, ಹೃದಯಾಘಾತ" ಅಂತ ತೋರಿಸುವವರು ಅವರೇ. ಎಲ್ಲ ವಿಭಾಗದಲ್ಲೂ ಇದ್ದು, ಗುಂಪಾಗಿ ಇಲ್ಲದಿದ್ದರೆ ಒಳ್ಳೆಯದು.

40 ನಿಮಿಷದ ಬಸ್ಸನ್ನು ಹಗುರವಾಗಿ ತಗೋಬೇಡಿ. ಹೋಗಿ ಬರಲು ದಿನಕ್ಕೆ 80 ನಿಮಿಷ, ವಾರಕ್ಕೆ ಆರು ದಿನ ಅಂದರೆ 8 ಗಂಟೆ. ಅದಕ್ಕಿಂತ ದೊಡ್ಡ ನಷ್ಟ ಸಂಜೆಯದು. ಹೊಸ ಅಡ್ಮಿಷನ್‌ಗಳು ಸಂಜೆ, ರಾತ್ರಿ ಬರುತ್ತವೆ. ಕೊನೆಯ ಬಸ್ ಹಿಡಿಯುವವರಿಗೆ ರೋಗಿ ಸಿಗುವುದು ಮರುದಿನ ಬೆಳಿಗ್ಗೆ, ಕೇಸ್ ಶೀಟ್‌ನಲ್ಲಿ ರೋಗನಿರ್ಣಯ ಬರೆದಾದ ಮೇಲೆ.

ಬ್ಲಾಕ್‌ಪರೀಕ್ಷೆ

ಪಠ್ಯಕ್ರಮದ ಬಗ್ಗೆ. ಅಂಗವ್ಯೂಹದ ಪ್ರಕಾರ ಕಲಿಸುವುದು ಹೊಸ ಪ್ರಯೋಗವೇನಲ್ಲ, ಅಮೆರಿಕದ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ 1952ರಲ್ಲೇ ಶುರು ಮಾಡಿತು. ಸಮಸ್ಯೆ ಆಧಾರಿತ ಸಣ್ಣ ಗುಂಪಿನ ಕಲಿಕೆ ಕೆನಡಾದ ಮೆಕ್‌ಮಾಸ್ಟರ್‌ನಲ್ಲಿ 1969ರಿಂದ ಇದೆ. ಪದ್ಧತಿ ಒಳ್ಳೆಯದೇ. ಕೆಡುವುದು ನಡೆಸುವ ರೀತಿಯಲ್ಲಿ. ಗುಂಪಿನಲ್ಲಿ ಎಂಟು ಹತ್ತು ಜನ ಇರಬೇಕಾದಲ್ಲಿ ಇಪ್ಪತ್ತು ಜನ ಕೂತರೆ ನಾಲ್ವರು ಮಾತಾಡ್ತಾರೆ, ಉಳಿದವರು ಮೊಬೈಲ್ ನೋಡ್ತಾರೆ. ತರಬೇತಿ ಇಲ್ಲದ ಟ್ಯೂಟರ್ ಅರ್ಧ ಗಂಟೆಯಲ್ಲಿ ಚರ್ಚೆ ನಿಲ್ಲಿಸಿ ತಾವೇ ಲೆಕ್ಚರ್ ಹೊಡೀತಾರೆ. ವರ್ಷ ವರ್ಷವೂ ಅವೇ ಕೇಸ್ ಕೊಟ್ಟರೆ ಸೀನಿಯರ್‌ಗಳ ಉತ್ತರದ ಫೈಲ್ ಮೊದಲ ದಿನವೇ ಕೈಸೇರುತ್ತೆ, ಅಲ್ಲಿಗೆ ಮುಗೀತು.

ಕೇಳಲೇಬೇಕಾದ ಪ್ರಶ್ನೆ: ಒಂದು ಬ್ಲಾಕ್ ಫೇಲಾದರೆ ಏನು? ಕೆಲವೇ ವಾರದಲ್ಲಿ ಮರುಪರೀಕ್ಷೆಯೋ, ಇಡೀ ವರ್ಷ ಹಿಂದಕ್ಕೋ? ನಿಯಮ ಲಿಖಿತವಾಗಿರಲಿ. ಬ್ಲಾಕ್ ಪದ್ಧತಿಯಿಂದ ನಡುವೆ ಬೇರೆ ಕಾಲೇಜಿಗೆ ವರ್ಗವಾಗುವುದೂ ತೊಡಕೇ. ನೀವು ಅರ್ಧ ಅನಾಟಮಿ, ಅರ್ಧ ಪೆಥಾಲಜಿ ಓದಿರ್ತೀರಿ, ಅಲ್ಲಿ ಪೂರ್ತಿ ಅನಾಟಮಿ ಪಾಸಾದವರೇ ಬೇಕು ಅಂತಾರೆ.

ಡಿಸೆಕ್ಷನ್ ಟೇಬಲ್‌ಗೆ ಎಷ್ಟು ಜನ ಅನ್ನೋದನ್ನೂ ಕೇಳಿ. ಹತ್ತು ಜನ ದಾಟಿದರೆ ಸ್ಕಾಲ್ಪೆಲ್ ನಿಮ್ಮ ಕೈಗೆ ಬರುವುದು ಅಪರೂಪ.

ಮೂರನೇಮಹಡಿ

ಮೇಲಿನವರು 'ಅ'ವನ್ನು ಸ್ವಲ್ಪ ಬೇಗ ತಳ್ಳಿಹಾಕಿದರು. ಅಪರೂಪದ ಕಾಯಿಲೆ, ಅಂಗ ಕಸಿ, ಸಂಶೋಧನೆಯ ಗೈಡ್‌ಗಳು ಸಿಗುವುದು ದೊಡ್ಡ ರೆಫರಲ್ ಆಸ್ಪತ್ರೆಯಲ್ಲೇ. ನ್ಯೂರೋಸರ್ಜರಿ ಮನಸ್ಸಿನಲ್ಲಿದ್ದವರಿಗೆ ನಾನು 'ಅ' ಅಂತಲೇ ಹೇಳುವೆ. ಆದರೆ ಅಲ್ಲಿಗೆ ಬರುವ ರೋಗಿ ಎರಡು ಆಸ್ಪತ್ರೆ ಸುತ್ತಿ, ಹೆಸರಿಟ್ಟ ಕಾಯಿಲೆ ಹೊತ್ತುಕೊಂಡೇ ಬರ್ತಾನೆ. ಐದು ದಿನದ ಜ್ವರ, ಇನ್ನೂ ಏನೂ ಗೊತ್ತಿಲ್ಲ, ಅಂಥ ರೋಗಿಯನ್ನು ಮೊದಲು ಮುಟ್ಟುವುದು ಸಣ್ಣ ಊರಿನಲ್ಲಿ. ಜನರಲ್ ಮೆಡಿಸಿನ್‌ಗೆ ಬೇಕಾದದ್ದು ಅದೇ.

ಸಣ್ಣ ಊರಲ್ಲಿ ಕಲಿತರೆ ಅಂಕ ಕಡಿಮೆಯಾಗುತ್ತೆ ಅನ್ನುವ ಭಯಕ್ಕೆ ಆಧಾರ ಕಾಣಲ್ಲ. ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯ 1997ರಿಂದ ಕೆಲವು ವಿದ್ಯಾರ್ಥಿಗಳನ್ನು ಇಡೀ ವರ್ಷ ಗ್ರಾಮೀಣ ಚಿಕಿತ್ಸಾಲಯಗಳಲ್ಲಿಟ್ಟು ಕಲಿಸಿತು. ಪರೀಕ್ಷೆಯಲ್ಲಿ ಅವರು ನಗರದ ದೊಡ್ಡ ಆಸ್ಪತ್ರೆಯಲ್ಲಿ ಕಲಿತವರಿಗಿಂತ ಹಿಂದೆ ಬೀಳಲಿಲ್ಲ.

ಎಪ್ರನ್‌ಹೊಸದು

ಮುಂದಿನ ವಾರ ಎರಡೂ ಕಡೆ ಹೋಗಿ ನೋಡ್ತೀನಿ. ಯಾವ ಹೊತ್ತಿಗೆ ಹೋದರೆ ನಿಜ ಗೊತ್ತಾಗುತ್ತೆ? ಹೊರದೇಶದ ವಿಷಯಕ್ಕೂ ಯಾರಾದರೂ ಉತ್ತರಿಸಿ.

ನೈಟ್‌ಡ್ಯೂಟಿ

ಹೊರದೇಶದ್ದು ಮೊದಲು. ವರ್ಲ್ಡ್ ಡೈರೆಕ್ಟರಿ ಆಫ್ ಮೆಡಿಕಲ್ ಸ್ಕೂಲ್ಸ್ ಜಾಲತಾಣದಲ್ಲಿ ಎರಡೂ ಕಾಲೇಜನ್ನು ಹುಡುಕಿ. ಹೆಸರಿದೆ ಅಂದ ಮಾತ್ರಕ್ಕೆ ಮಾನ್ಯತೆ ಸಿಕ್ಕಿತು ಅಂತಲ್ಲ, ಇಲ್ಲೇ ತುಂಬ ಜನ ಎಡವುವುದು. ಆ ಪುಟದಲ್ಲಿ 'ಸ್ಪಾನ್ಸರ್ ನೋಟ್ಸ್' ಅನ್ನುವ ಭಾಗ ತೆರೆದು, ಹೊರದೇಶದಲ್ಲಿ ಓದಿದ ವೈದ್ಯರ ಅರ್ಹತೆ ಪರಿಶೀಲಿಸುವ ಅಮೆರಿಕದ ಇಸಿಎಫ್‌ಎಂಜಿ ಈ ಕಾಲೇಜಿನವರನ್ನು ಒಪ್ಪುತ್ತದೋ, ಯಾವ ವರ್ಷ ಪಾಸಾದವರನ್ನು ಒಪ್ಪುತ್ತದೋ ಓದಿ. ಕಾಲೇಜಿಗೆ ಮಾನ್ಯತೆ ಕೊಟ್ಟ ಸಂಸ್ಥೆಯನ್ನು ವೈದ್ಯಕೀಯ ಶಿಕ್ಷಣದ ವಿಶ್ವ ಒಕ್ಕೂಟವಾದ ಡಬ್ಲ್ಯುಎಫ್‌ಎಂಇ ಗುರುತಿಸಿದೆಯೇ ಅದನ್ನೂ ನೋಡಿ. ಅಮೆರಿಕದಲ್ಲಿ ವೈದ್ಯರಾಗಲು ಬರೆಯಬೇಕಾದ ಪರೀಕ್ಷೆಗಳಲ್ಲಿ ಮೊದಲನೆಯದಾದ ಸ್ಟೆಪ್ 1 2022ರ ಜನವರಿಯಿಂದ ಬರೀ ಪಾಸ್ ಅಥವಾ ಫೇಲ್. ಹಾಗಾಗಿ ಸ್ಟೆಪ್ 2ರ ಅಂಕ, ಎಲೆಕ್ಟಿವ್ (ತಾವೇ ಆರಿಸಿಕೊಂಡ ಕಡೆ ಕೆಲವು ವಾರ ಮಾಡುವ ತರಬೇತಿ), ಶಿಫಾರಸು ಪತ್ರಗಳ ತೂಕ ಜಾಸ್ತಿಯಾಗಿದೆ. ಬೇರೆ ಕಡೆ ಎಲೆಕ್ಟಿವ್ ಮಾಡಲು ಎಷ್ಟು ವಾರ ಬಿಡ್ತಾರೆ ಅಂತ ಕೇಳಿ.

ಭೇಟಿಗೆ ಅವರೇ ಕರೆದ ದಿನ ಬೇಡ. ವಾರದ ಮಧ್ಯೆ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ, ಮೊದಲೇ ಅನುಮತಿ ಪಡೆದು, ಮೆಡಿಸಿನ್ ವಾರ್ಡ್ ಬಾಗಿಲಲ್ಲಿ ನಿಲ್ಲಿ. ಒಂದು ಹಾಸಿಗೆ ಸುತ್ತ ಎಷ್ಟು ಜನ? ಆರು ಜನರಿದ್ದರೆ ಎಲ್ಲರೂ ಎದೆಬಡಿತ ಕೇಳ್ತಾರೆ. ಹದಿನೈದಾದರೆ ಹಿಂದಿನ ಸಾಲಿಗೆ ಪ್ರೊಫೆಸರ್ ಮಾತೂ ಕೇಳಲ್ಲ, ಪಾಪ ರೋಗಿಯೂ ಐದನೇ ಸ್ಟೆತಸ್ಕೋಪಿಗೆ ಮುಖ ತಿರುಗಿಸ್ತಾರೆ.

ಆಮೇಲೆ ಇಂಟರ್ನ್‌ಗಳನ್ನು ಹಿಡಿಯಿರಿ, ಕ್ಯಾಂಟೀನಿನಲ್ಲಿ ಸಿಗ್ತಾರೆ. "ಚೆನ್ನಾಗಿದೆಯಾ?" ಅಂದರೆ "ಹೂಂ" ಅಂತಾರೆ ಅಷ್ಟೇ. ಹೀಗೆ ಕೇಳಿ: ನೀವೇ ಮಾಡಿಸಿದ ಹೆರಿಗೆ ಎಷ್ಟು? ನೀವೇ ಹಾಕಿದ ಹೊಲಿಗೆ ಎಷ್ಟು? ಲಾಗ್‌ಬುಕ್‌ಗೆ ಸಹಿ ಕೆಲಸ ನೋಡಿ ಹಾಕ್ತಾರೋ, ತಿಂಗಳ ಕೊನೆಗೆ ಒಟ್ಟಿಗೋ? ರಕ್ತದ ಸ್ಯಾಂಪಲ್ ಲ್ಯಾಬಿಗೆ ಒಯ್ಯುವವರು ಯಾರು? ಅದೂ ಇಂಟರ್ನ್ ಕೆಲಸವೇ ಆದರೆ ದಿನದಲ್ಲಿ ಎರಡು ಗಂಟೆ ಬರೀ ಓಡಾಟಕ್ಕೆ ಹೋಯಿತು ಅಂತ ಲೆಕ್ಕ.

ರಾತ್ರಿ ಒಂಬತ್ತಕ್ಕೆ ಇನ್ನೊಮ್ಮೆ ಹೋಗಿ. ಗ್ರಂಥಾಲಯ ತೆರೆದಿದೆಯೇ, ಹಾಸ್ಟೆಲ್ ಬಾಗಿಲು ಎಷ್ಟು ಹೊತ್ತಿಗೆ ಹಾಕ್ತಾರೆ, ಆಸ್ಪತ್ರೆಯಿಂದ ಅಲ್ಲಿವರೆಗೆ ದಾರಿದೀಪ ಉರಿಯುತ್ತಿದೆಯೇ ನೋಡಿಕೊಳ್ಳಿ. 'ಅ'ಕ್ಕೆ ಹೋದಾಗ ಆ ಬಸ್ಸಿನಲ್ಲೇ ವಾಪಸ್ ಬನ್ನಿ, ಗಡಿಯಾರ ನೋಡಿಕೊಂಡು.