200 ಎಂಬಿಪಿಎಸ್ ಇಂಟರ್ನೆಟ್ ಪ್ಲಾನ್ ಹಾಕಿಸಿದರೂ ಉಪ್ಪರಿಗೆಯಲ್ಲಿ ಬರುವುದು 7! ಏನು ಮಾಡಲಿ?

ಪೆರ್ಲ_ತೋಟ:
ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ ಹಳೆಯ ಮುರಕಲ್ಲಿನ ಮನೆ. ಮಗಳು ಉಪ್ಪರಿಗೆಯಲ್ಲಿ ಕೂತು ಬೆಂಗಳೂರಿನ ಆಫೀಸು ಕೆಲಸ ಮಾಡುತ್ತಾಳೆ. ಮೀಟಿಂಗ್ ನಡುವೆ ವಿಡಿಯೋ ನಿಂತೇ ಹೋಗುತ್ತದೆ. ಹೋದ ತಿಂಗಳು 100 ಎಂಬಿಪಿಎಸ್ ಪ್ಲಾನ್ ಬಿಟ್ಟು 200ರದ್ದು ಹಾಕಿಸಿದೆ. ಒಂದು ಚೂರೂ ವ್ಯತ್ಯಾಸ ಇಲ್ಲ. ಫೋನಿನಲ್ಲಿ ನೋಡಿದರೆ ಉಪ್ಪರಿಗೆಯಲ್ಲಿ 7, ಚಾವಡಿಯಲ್ಲಿ ರೂಟರಿನ ಪಕ್ಕವೇ ನಿಂತರೂ 45. ರೂಟರಿನ ಡಬ್ಬದ ಮೇಲೆ 300 ಅಂತ ದೊಡ್ಡದಾಗಿ ಬರೆದಿದೆ. 200ಕ್ಕೆ 300 ಸಾಲದಾ? ಕಂಪನಿಯವರು ಮೋಸ ಮಾಡುತ್ತಿದ್ದಾರಾ?

ನೀರ್ಚಾಲು_ಭಾವ:
ಭಾವ, ಬೈಯುವ ಮೊದಲು ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಫೈಬರ್ ಬಂದು ಸೇರುವ ಪೆಟ್ಟಿಗೆಗೇ ಕೇಬಲ್ ಚುಚ್ಚಿ ಸ್ಪೀಡ್ ನೋಡಿ. ಆಮೇಲೆ ನಿಮ್ಮ ರೂಟರಿಗೆ ಚುಚ್ಚಿ ನೋಡಿ. ಎರಡೂ ಅಂಕೆ ಇಲ್ಲಿ ಹಾಕಿ. ಲ್ಯಾಪ್‌ಟಾಪಿನ ಪೋರ್ಟ್ (ಕೇಬಲ್ ಚುಚ್ಚುವ ತೂತು) 1000 ಎಂಬಿಪಿಎಸ್‌ನ, ಅಂದರೆ ಗಿಗಾಬಿಟ್‌ನದ್ದು ಇರಬೇಕು, ಮರೆಯಬೇಡಿ.

ಪೆರ್ಲ_ತೋಟ:
ಪೆಟ್ಟಿಗೆಯಿಂದ 196. ರೂಟರಿನಿಂದ 94. ಇದೇನಪ್ಪಾ!

ನೀರ್ಚಾಲು_ಭಾವ:
ಹಾಗಾದರೆ ಕಂಪನಿಯವರದ್ದು ತಪ್ಪಿಲ್ಲ. ಮನೆಬಾಗಿಲ ತನಕ 200 ಬರುತ್ತಾ ಇದೆ. ಪ್ಲಾನ್ ಅಂದರೆ ಅಷ್ಟೇ. ಒಳಗಿನದ್ದು ನಮ್ಮ ಕೆಲಸ. ಗುಡ್ಡದ ಸುರಂಗದಲ್ಲಿ ಎಷ್ಟು ನೀರಿದ್ದರೇನು, ನೀರು ತರುವ ಅಡಿಕೆ ಮರದ ದಂಬೆ ಸೋರಿದರೆ ತೊಟ್ಟಿಗೆ ಬೀಳುವುದು ಉಳಿದದ್ದೇ ಅಲ್ವಾ?

94 ಅಂದ ಕೂಡಲೇ ಗೊತ್ತಾಯಿತು. ನಿಮ್ಮ ರೂಟರಿನ ಹಿಂದಿನ ಪೋರ್ಟುಗಳು 100 ಎಂಬಿಪಿಎಸ್‌ನವು. ಅದರಲ್ಲಿ ಕೈಗೆ ಸಿಗುವುದು ಹೆಚ್ಚೆಂದರೆ 94-95. ಪ್ಲಾನ್ ಸಾವಿರದ್ದು ಹಾಕಿಸಿದರೂ ಅಷ್ಟೇ.

ಇನ್ನು ಡಬ್ಬದ 300. ಅದು ಗಾಳಿಯಲ್ಲಿ ಲೆಕ್ಕ ಹಾಕಿದ ಅತಿ ಹೆಚ್ಚಿನ ವೇಗ. ಅದು ಸಿಗಬೇಕಾದರೆ ಫೋನಿನಲ್ಲೂ ಎರಡು ಆಂಟೆನಾ ಬೇಕು, ಚಾನೆಲ್ (ಗಾಳಿಯಲ್ಲಿ ವೈಫೈ ಓಡುವ ದಾರಿ) 40 ಮೆಗಾಹರ್ಟ್ಸ್ ಅಗಲ ಇರಬೇಕು. ಫೋನಿನ ವೈಫೈ ವಿವರದಲ್ಲಿ ಲಿಂಕ್ ಸ್ಪೀಡ್ (ರೂಟರಿಗೂ ಫೋನಿಗೂ ನಡುವಿನ ವೇಗ) ನೋಡಿ, 72 ಇರಬಹುದು. ಅದರಲ್ಲೂ ಸಿಗ್ನಲಿನ ಮಾತುಕತೆಗೇ ಅರ್ಧದ ಹತ್ತಿರ ಖರ್ಚು. ಉಳಿದದ್ದು ನಿಮ್ಮ 45. ಮನೆಯವರೆಲ್ಲ ಹಂಚಿಕೊಳ್ಳುವುದೂ ಅದನ್ನೇ.

ಪೆರ್ಲ_ತೋಟ:
ಲಿಂಕ್ ಸ್ಪೀಡ್ 72 ಹೌದು! ಆದರೆ ಫೈಲ್ ಇಳಿಸುವಾಗ 5.6 ಅಂತ ತೋರಿಸುತ್ತದಲ್ಲ?

ಮುಳ್ಳೇರಿಯ_ತಂತಿ:
ಅದು ಮೆಗಾಬೈಟ್ ಲೆಕ್ಕ, ಎಂಬಿಪಿಎಸ್ ಮೆಗಾಬಿಟ್ ಲೆಕ್ಕ. 8 ಬಿಟ್ ಸೇರಿದರೆ ಒಂದು ಬೈಟ್. 45ನ್ನು 8ರಿಂದ ಭಾಗಿಸಿ ನೋಡಿ.
ಉಪ್ಪರಿಗೆಗೆ ಒಂದು ರಿಪೀಟರ್ (ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಪೆಟ್ಟಿಗೆ) ಇಡಿ, ಮುಗಿಯಿತು.

ನೀರ್ಚಾಲು_ಭಾವ:
ರಿಪೀಟರ್ ಬೇಡ ಅಂತ ನನ್ನ ಅಭಿಪ್ರಾಯ. ಅಗ್ಗದವು ಒಂದೇ ಚಾನೆಲಿನಲ್ಲಿ ಕೇಳಿ, ಅದರಲ್ಲೇ ತಿರುಗಿ ಹೇಳುತ್ತವೆ. ವೇಗ ಅಲ್ಲೇ ಅರ್ಧ. ಮುರಕಲ್ಲಿನ ದಪ್ಪ ಗೋಡೆ ದಾಟಿ ಬಂದ 7ನ್ನು ಹಿಡಿದು ಅದು ಏನು ಹಂಚೀತು? ಚಾನೆಲ್ ಬದಲಾಯಿಸಿಯೂ ಲಾಭ ಇಲ್ಲ. ನಮ್ಮ ಕಡೆ ಪಕ್ಕದ ಮನೆಯೇ ಕೂಗಳತೆ ದೂರ, ಅಡ್ಡ ಬರಲು ಬೇರೆ ವೈಫೈ ಎಲ್ಲಿದೆ?

ಫೈಬರ್ ಪೆಟ್ಟಿಗೆಯಲ್ಲೇ ವೈಫೈ ಇಲ್ಲವಾ? 5 ಗಿಗಾಹರ್ಟ್ಸ್ ಅಂತ ಬರೆದಿದೆಯಾ ನೋಡಿ.

ಪೆರ್ಲ_ತೋಟ:
ಇದೆ. ಎಲ್ಲ ಫೋನಿನಲ್ಲೂ ಪಾಸ್‌ವರ್ಡ್ ಬದಲಿಸಬೇಕಲ್ಲ ಅಂತ ಅದನ್ನು ಆಫ್ ಮಾಡಿಸಿ, ಹಳೆಯ ರೂಟರೇ ಇರಲಿ ಅಂದವನು ನಾನೇ.

ನೀರ್ಚಾಲು_ಭಾವ:
ಅಯ್ಯೋ! ಆನ್ ಮಾಡಿ, ಹಳೆಯ ಹೆಸರು, ಪಾಸ್‌ವರ್ಡನ್ನೇ ಅದಕ್ಕೂ ಕೊಡಿ. ಚಾವಡಿಗೆ ಅದು ಸಾಕು. 5 ಗಿಗಾಹರ್ಟ್ಸ್‌ಗೆ ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. ಹಾಗಾಗಿ ಪೆಟ್ಟಿಗೆಯಿಂದ ಉಪ್ಪರಿಗೆಗೆ ಮೆಟ್ಟಿಲ ಪಕ್ಕದಿಂದ ಒಂದು ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದು, ಹಳೆಯ ರೂಟರನ್ನು ಅಲ್ಲಿಡಿ. ಮೊದಲು ಅದರ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ನಂಬರ್) ಬದಲಿಸಿ, ಪೆಟ್ಟಿಗೆಯದ್ದೇ ಇರಬಾರದು. ಅದರ ಡಿಎಚ್‌ಸಿಪಿ (ಫೋನುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ. ಕೇಬಲನ್ನು ಹೊರಗಿನ ಇಂಟರ್ನೆಟ್‌ಗೆಂದು ಇರುವ ವ್ಯಾನ್ ತೂತಿಗಲ್ಲ, ಮನೆಯೊಳಗಿನ ಜಾಲಕ್ಕೆಂದು ಇರುವ ಲ್ಯಾನ್ ತೂತಿಗೆ ಚುಚ್ಚಿ.

ಪೆರ್ಲ_ತೋಟ:
ಭಾನುವಾರ ಕೂತು ಮಾಡಿದೆ. ಮೊದಲು ವ್ಯಾನ್‌ಗೇ ಚುಚ್ಚಿ ಅರ್ಧ ಗಂಟೆ ಒದ್ದಾಡಿದ್ದು ಬೇರೆ ಕತೆ. ಈಗ ಚಾವಡಿಯಲ್ಲಿ 180. ಉಪ್ಪರಿಗೆಯಲ್ಲಿ 44, ಮಗಳ ಮೀಟಿಂಗಿಗೆ ಧಾರಾಳ ಸಾಕು. ಇದೇ ಕೇಬಲನ್ನು ಅಂಗಳ ದಾಟಿಸಿ ಕೊಟ್ಟಿಗೆಯ ಕ್ಯಾಮರಾಕ್ಕೂ ಎಳೆಯಲಾ?

ಮುಳ್ಳೇರಿಯ_ತಂತಿ:
ಬೇಡ ಮಾರಾಯ್ರೆ! ಹೊರಗೆ ತಾಮ್ರದ ತಂತಿ ಎಳೆದರೆ ಸಿಡಿಲಿಗೆ ದಾರಿ ಮಾಡಿಕೊಟ್ಟ ಹಾಗೆ. ಅಂಗಳ ದಾಟಲು ಫೈಬರೇ ಹಾಕಿ, ಒಳಗೆ ಲೋಹದ ತಂತಿ ಇಲ್ಲದ್ದು. ಹೋದ ವರ್ಷ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗಿಗೆ ನಮ್ಮ ರೂಟರ್, ಟಿವಿ ಎರಡೂ ಒಟ್ಟಿಗೇ ಹೋದವು.