ನೆಲಕ್ಕ ಬಿದ್ದ ಅವ್ವನ್ನ ಹವಾ ದಿಂಬಿನ ಮ್ಯಾಲ ಎಬ್ಬಸೋದು ನಮ್ಮ ಕಡಿ ಆಗ್ತದೇನ್ರಿ?

ಕಾಗಿಣಾ ಮಾಸ್ತರ:

ಎಲ್ಲಾರಿಗೂ ಶರಣ್ರಿ. ನಾನು ಚಿತ್ತಾಪುರ ತಾಲೂಕಿನ ಒಂದು ಹಳ್ಳಿಯಾಗ ಸಾಲಿ ಮಾಸ್ತರ. ನಮ್ಮ ಅವ್ವಗ 71 ವರ್ಷ, ತೂಕ 84 ಕಿಲೋ. ಹೋದ ದೀಪಾವಳಿ ಮುಂದ ಎಡಗಡಿ ಲಕ್ವಾ ಹೊಡೀತು. ಈಗ ಬಲಗೈಯಾಗ ಕೋಲು ಹಿಡದು, ಮಗ್ಗಲಕ ಯಾರರೆ ನಿಂತ್ರ, ಪಲಂಗದಿಂದ ಬಚ್ಚಲತನಕ ಬರ್ತಾಳ. ಅಷ್ಟಕ್ಕ ಬಂದಾಳಲ್ಲ ಅಂತ ನಾವು ಖುಷಿಯಾಗಿದ್ವಿ.

ಎರಡು ವಾರದ ಹಿಂದ ಬಚ್ಚಲದಾಗ ಶಹಾಬಾದ್ ಕಲ್ಲಿನ ಮ್ಯಾಲ ಸಾಬೂನಿನ ನೀರು ಬಿದ್ದಿತ್ತು. ಕಾಲು ಜಾರಿ ಕುಂತಗೊತ ಕೆಳಗ ಹೋದಳು. ನಾನು ಸಾಲ್ಯಾಗ. ಮನ್ಯಾಗ ನನ್ನ ಹೆಂಡತಿ ಒಬ್ಬಾಕಿ. ಮಗ್ಗಲ ಮನಿ ಕಾಕು ಬಂದ್ರು, ತೊಗರಿ ಚೀಲ ಇಳಸಲಾಕ ಬಂದಿದ್ದ ಹುಡುಗ ಬಂದ. ಮೂರೂ ಮಂದಿ ಕಂಕುಳಾಗ ಕೈ ಹಾಕಿ ಎಳದ್ರು, ಅರ್ಧಕ್ಕ ಎತ್ತಿದ್ರು, ಹೊಳ್ಳಿ ಕುಂದ್ರಿಸಿದ್ರು. ಪಲಂಗ ಮುಟ್ಟೂದ್ರಾಗ 40 ನಿಮಿಷ ಆಗಿತ್ತಂತ. ಹೆಂಡತಿ ಟೊಂಕ ಹಿಡಕೊಂಡು ಐದು ದಿನ ರೊಟ್ಟಿ ಬಡೀಲಾಕ ಕೂಡಲಿಲ್ಲ. ಅವ್ವಗ ಎಡ ಭುಜದಾಗ ಅವತ್ತಿನಿಂದ ಬ್ಯಾನಿ, ಅಂಗಿ ತೊಡಸಲಾಕ ಹೋದ್ರ ಚೀರ್ತಾಳ. ಅಳೂದು ಅಕಿ ಸ್ವಭಾವ ಅಲ್ಲ. "ನಾ ಈಗ ಜ್ವಾಳದ ಚೀಲ ಆಗೀನಿ, ಹಮಾಲರನ್ನ ಕರಸು" ಅಂದಳು ಅಷ್ಟ.

ಮೊಬೈಲ್‌ದಾಗ ಒಂದು ವಿಡಿಯೋ ನೋಡಿದ್ದೆ. ಹೊರದೇಶದ ಆಂಬುಲೆನ್ಸ್‌ದವರು ಬಿದ್ದ ಮುದುಕರ ಕೆಳಗ ಚಪ್ಪಟಿ ದಿಂಬು ಸರಸ್ತಾರ, ಗುಂಡಿ ಒತ್ತತಾರ, ಸುಂಯ್ ಅಂತ ಹವಾ ತುಂಬಿ ಮುದುಕರು ಖುರ್ಚಿ ಎತ್ತರಕ್ಕ ಬರ್ತಾರ. ಯಾರೂ ಜಗ್ಗಂಗಿಲ್ಲ, ಯಾರೂ ಉಸಿರು ಹಾಕಂಗಿಲ್ಲ. ಕಲಬುರಗಿಗೆ ಹೋಗಿ ಸೂಪರ್ ಮಾರ್ಕೆಟ್ ಕಡಿ ಮೂರು ಅಂಗಡಿ ತಿರುಗಿದೆ. ಒಬ್ಬ ಏರ್ ಬೆಡ್ ತೋರಿಸಿದ. ಇನ್ನೊಬ್ಬ ನಡುವ ತೂತಿರೋ ರಬ್ಬರ್ ರಿಂಗ್ ಕೊಟ್ಟು "ಇದೂ ಹವಾದ್ದ ನೋಡ್ರಿ" ಅಂದ. ಮೂರನೇವ ಗಾಲಿ ಇರೋ ಕಬ್ಬಿಣದ ಲಿಫ್ಟ್ ತೋರಿಸಿದ, ನಮ್ಮ ಬಚ್ಚಲ ಬಾಗಲ ಎರಡೂವರಿ ಫೂಟು, ಅದು ಒಳಗ ಹೋಗೂದ ಇಲ್ಲ.

ಆ ದಿಂಬಿಗೆ ಹೆಸರೇನ್ರಿ? ನಮ್ಮಂಥ ಮನ್ಯಾಗ ನಡೀತದೇನು? ನನ್ನ ತಮ್ಮ ಟ್ರ್ಯಾಕ್ಟರ್ ಟ್ಯೂಬಿನಾಗ ಮಾಡೂಣು ಅಂತಾನ, ಅವಗ ಏನ್ ಹೇಳ್ಲಿ?

ಹಳೇ ವಾರ್ಡ್ ಸಿಸ್ಟರ್:

ಮಾಸ್ತರ, ಮೊದಲ ಭುಜ. ಅದನ್ನ ನಾಳೆ ಅನ್ನಬ್ಯಾಡ್ರಿ, ಡಾಕ್ಟರಿಗೆ ತೋರಸ್ರಿ. ಲಕ್ವಾ ಹೊಡದ ಕಡಿ ಭುಜದ ಸ್ನಾಯು ಸಡಲಾಗಿರ್ತದ, ಕೀಲು ತನ್ನ ಜಾಗಾದಾಗ ಗಟ್ಟಿ ಕೂತಿರಂಗಿಲ್ಲ. ಕಂಕುಳಾಗ ಕೈ ಹಾಕಿ ಜಗ್ಗಿದ್ರ ಜಾರ್ತದ. 31 ವರ್ಷ ವಾರ್ಡಿನಾಗ ನಾನು ಹೆಚ್ಚು ಬೈದದ್ದು ಈ ಒಂದಕ್ಕ. ಬೈಸಿಕೊಂಡವರೆಲ್ಲ ಪ್ರೀತಿಲೆ ಎಳದವರ.

ನೀವು ನೋಡಿದ್ದು ಹವಾ ತುಂಬಿ ಎತ್ತೋ ಕುಶನ್. ಬ್ರಿಟನ್ನಿನ ಆಂಬುಲೆನ್ಸ್‌ದಾಗ, ವೃದ್ಧಾಶ್ರಮದಾಗ ಭಾಳ ಕಾಣೋದು ಮ್ಯಾಂಗರ್ ಎಲ್ಕ್ ಅಂತ. ಒಂದರ ಮ್ಯಾಲ ಒಂದು ನಾಲ್ಕು ಪದರ, ಬ್ಯಾಟರಿ ಮ್ಯಾಲ ನಡಿಯೋ ಸಣ್ಣ ಕಂಪ್ರೆಸರ್, 450 ಕಿಲೋತನಕ ಎತ್ತತದ. ಕೆಳಗಿನ ಪದರ ಪೂರಾ ತುಂಬಿದ ಮ್ಯಾಲ ಅದರ ಮ್ಯಾಲಿಂದು, ಹಿಂಗ ಒಂದೊಂದ ಏರಸ್ತಾರ. ಆದ್ರ ಅದ್ರಾಗ ಬೆನ್ನಿಗೆ ಆಸರ ಇಲ್ಲ. ನಿಮ್ಮ ಅವ್ವ ಎಡಕ್ಕ ವಾಲ್ತಿರಬೇಕು, ಹೌದಲ್ಲ? ಅಂಥವರಿಗೆ ಬೆನ್ನಿನ ಆಸರ ಇರೋದ ಬೇಕು. ಅದೇ ಕಂಪನೀದು ಕ್ಯಾಮೆಲ್ ಅಂತ ಬರ್ತದ, ಮಲಗಿದವರನ್ನ ಎಬ್ಬಿಸಿ ಕೂಡಿಸಿ ಆಮ್ಯಾಲ ಎತ್ತತದ. ಯಾವದು ತಂದ್ರೂ ಗುಂಡಿ ಒತ್ತೋದು ಕಡೀ ಕೆಲಸ. ಅದಕ್ಕೂ ಮೊದಲ ಅವರನ್ನ ಒಂದು ಮಗ್ಗಲಕ ಹೊರಳಿಸಿ, ಚಪ್ಪಟಿ ಕುಶನ್ ಬೆನ್ನಿಗೆ ಹಚ್ಚಿ, ಈ ಕಡಿ ಹೊರಳಿಸಿ ಕೆಳಗ ಹರವಬೇಕು. ಮೊಣಕಾಲು ಮಡಚಿರಬೇಕು, ಪಾದ ನೆಲಕ್ಕ ಊರಿರಬೇಕು, ಒಬ್ಬರು ಬೆನ್ನಿಗೆ ಒತ್ತಿ ಹಿಡದಿರಬೇಕು. ಬಚ್ಚಲದಾಗ ಫರಸಿ ಅಂಚು ಒಡದಿದ್ರ ಕೆಳಗ ಕೌದಿ ಹಾಸ್ರಿ, ಇಲ್ಲಂದ್ರ ಕುಶನ್ ಹರದೀತು.

ವಿಡಿಯೋದಾಗ ತೋರಸಲಾರದ್ದು ಹೇಳ್ತೀನಿ. ಬಿದ್ದ ಕೂಡಲೇ ಎಬ್ಬಸೋದು ನಮ್ಮ ಮಂದಿ ಚಟ. ನೋಡಿದವರು ಏನಂದಾರು ಅನ್ನೋ ನಾಚಿಕಿಯೂ ಇರಬಹುದು. ನೆಲದ ಮ್ಯಾಲ ಐದು ನಿಮಿಷ ಬಿಡ್ರಿ, ಏನೂ ಆಗಂಗಿಲ್ಲ. ತಲಿ ಬಡದದೇನು ಕೇಳ್ರಿ. ರಕ್ತ ತೆಳು ಮಾಡೋ ಗುಳಿಗಿ ತಗೊಳ್ಳೋರಿಗೆ ತಲಿ ಬಡದಿದ್ರ, ಆರಾಮ ಕಂಡ್ರೂ ದವಾಖಾನಿಗೆ ಹೋಗ್ಬೇಕು. ಎರಡೂ ಕಾಲು ಜೋಡಿಸಿ ನೋಡ್ರಿ, ಒಂದು ಗಿಡ್ಡ ಆಗಿ ಪಾದ ಹೊರಗ ತಿರುಗಿದ್ರ ಚಪ್ಪಿ ಎಲುಬು ಮುರದಿರಬಹುದು. ಆಗ ಎಲ್ಕ್ ಇಲ್ಲ, ಆನಿ ಇಲ್ಲ, ಎತ್ತೂದ ಇಲ್ಲ. ಹೊದಿಕಿ ಹೊಚ್ಚಿ 108ಕ್ಕ ಫೋನ್ ಮಾಡ್ರಿ. ಪಾಪ ಅಂತ ನೀರು ಕುಡಸಬ್ಯಾಡ್ರಿ, ಆಪರೇಶನ್ ಆಗೋದಿದ್ರ ಹೊಟ್ಟಿ ಖಾಲಿ ಇರಬೇಕು, ಲಕ್ವಾದವರಿಗೆ ನುಂಗೋದೂ ಕಷ್ಟ.

ಏಟು ಇಲ್ಲಂತ ಖಾತ್ರಿ ಆದ್ರ ಖುರ್ಚಿ ಎರಡು ಸಾಕಾಗಬಹುದು. ಅವರನ್ನ ಬಲ ಮಗ್ಗಲಕ ಹೊರಳಿಸಿ, ಬಲ ಮೊಣಕೈ ಊರಿಸಿ ಎಬ್ಬಸ್ರಿ. ಮುಂದ ಗಟ್ಟಿ ಖುರ್ಚಿ ಇಡ್ರಿ, ಪ್ಲಾಸ್ಟಿಕ್‌ದು ಬ್ಯಾಡ. ಮೊಣಕಾಲ ಮ್ಯಾಲ ಬಂದು ಬಲಗೈ ಖುರ್ಚಿ ಮ್ಯಾಲ ಊರ್ಲಿ, ಬಲಗಾಲಿನ ಪಾದ ಮುಂದ ಬರ್ಲಿ. ಅವರು ತಾವ ಒತ್ತಿ ಏಳ್ತಾರ, ನೀವು ಟೊಂಕಕ್ಕ ಕಟ್ಟಿದ ಅಗಲ ಪಟ್ಟಿ ಹಿಡದಿರ್ತೀರಿ ಅಷ್ಟ. ಎದ್ದ ಕೂಡಲೇ ಎರಡನೇ ಖುರ್ಚಿ ಹಿಂದ ಸರಸ್ರಿ. ಫಿಸಿಯೋ ಮುಂದ ಒಮ್ಮೆ ಮಾಡಿ ಕಲತುಕೊಳ್ರಿ, ಬಿದ್ದ ದಿನ ಕಲಿಯಂಗಿಲ್ಲ.

ರಬ್ಬರ್ ರಿಂಗ್ ತಂದಿದ್ರ ಹೊಳ್ಳಿ ಕೊಡ್ರಿ. ನಡುವ ತೂತು, ಸುತ್ತ ಒತ್ತು, ತೂತಿನ ಮ್ಯಾಲಿನ ಚರ್ಮಕ್ಕ ರಕ್ತ ಹರಿಯೂದ ಕಮ್ಮಿ ಆಗ್ತದ. ಹುಣ್ಣು ಆಗಬಾರದಂತ ಕೊಳ್ತಾರ, ಅದರಿಂದನ ಆಗ್ತದ.

ಜೇವರ್ಗಿ ಪಂಚರ್:

ಮಾಸ್ತರ್ ಸರ್, ನಿಮ್ಮ ತಮ್ಮಗ ನಾ ಹೇಳ್ತೀನಿ. ನಂದು ಟೈರ್ ಪಂಚರ್ ಅಂಗಡಿ. ಈ ಹುಚ್ಚು ನಾ ಮಾಡಿ ನೋಡೀನಿ, ನಮ್ಮ ಮುತ್ಯಾಗ ಸಲುವಾಗಿ.

ಲೆಕ್ಕ ಹಾಕಿದ್ರ ಭಾಳ ಸರಳ ಕಾಣ್ತದ. ಎರಡು ಫೂಟ್ ಉದ್ದ, ಎರಡು ಫೂಟ್ ಅಗಲ ದಿಂಬು ಅಂದ್ರ 576 ಚದರ ಇಂಚು. ನಿಮ್ಮ ಅವ್ವ 84 ಕಿಲೋ ಅಂದ್ರ ಸುಮಾರು 185 ಪೌಂಡ್. ಭಾಗಿಸಿದ್ರ ಚದರ ಇಂಚಿಗೆ ಪೌಂಡಿನ ಮೂರನೇ ಒಂದು ಪಾಲು ಬರ್ತದ. ಬೈಕಿನ ಟೈರಿಗೆ ನಾ 30 ಪೌಂಡ್ ಹೊಡೀತೀನಿ! ದಿಂಬು ಉಬ್ಬಿ ಗುಂಡಗಾದಂಗ ಮೈ ತಾಗೋ ಜಾಗ ಕಮ್ಮಿ ಆಗ್ತದ, ಅದಕ್ಕ ಡಬಲ್ ಹಿಡೀರಿ, ಆದ್ರೂ ಒಂದು ಪೌಂಡ್ ತುಂಬಂಗಿಲ್ಲ. ಅಗಲ ಇದ್ರ ಸಾಕು, ಬಾಯಿಲೆ ಊದೋ ಅಷ್ಟು ಹವಾ ಮನಷಾನ್ನ ಎತ್ತತದ. ಲಾರಿ ಕೆಳಗ ಸಿಕ್ಕವರನ್ನ ತಗೀಲಾಕ ಅಗ್ನಿಶಾಮಕದವರು ಹಾಕೋ ಹವಾ ಚೀಲಾನೂ ಇದೇ ಲೆಕ್ಕ, ಅದ್ರಾಗ ಒತ್ತಡ ಜಾಸ್ತಿ ಅಷ್ಟ.

ಟ್ರ್ಯಾಕ್ಟರ್ ಹಿಂದಿನ ಗಾಲಿ ಟ್ಯೂಬ್ ತಗೊಂಡೆ. ಮುತ್ಯಾನ್ನ ಕೂಡಸೂಕ ಮೊದಲ, ದೇವರ ದಯಾ, ತಮ್ಮನ್ನ ಕೂಡಿಸಿದೆ. ಅರ್ಧ ತುಂಬೂತನಕ ಬೇಷ್ ಬಂತು. ಆಮ್ಯಾಲ ಅವ ಜರಾ ಬಲಕ್ಕ ವಾಲಿದ, ಹವಾ ಎಲ್ಲಾ ಎಡಕ್ಕ ಓಡ್ತು, ಟ್ಯೂಬ್ ಅವನ್ನ ಎತ್ತಿ ಗಟಾರದ ಕಡಿ ಒಗೀತು. ನಕ್ಕೂ ನಕ್ಕೂ ಸಾಕಾಯ್ತು, ಆದ್ರ ಅಲ್ಲಿ ಮುತ್ಯಾ ಇದ್ದಿದ್ರ ನಗಂಗಿರಲಿಲ್ಲ. ಸಿಸ್ಟರ್ ಹೇಳಿದ ನಾಲ್ಕು ಪದರದ ಗುಟ್ಟು ಅವತ್ತು ತಿಳೀತು. ಒಂದೊಂದು ಪದರ ತೆಳ್ಳಗಿದ್ರ ಹವಾ ಓಡಲಾಕ ಜಾಗ ಇರಂಗಿಲ್ಲ. ಇನ್ನೊಂದು, ಅಂಗಡಿ ಕಂಪ್ರೆಸರ್ ಟಾಕಿಯಾಗ 100 ಪೌಂಡಿನ ಮ್ಯಾಲ ಇರ್ತದ. ಅರ್ಧ ಪೌಂಡ್ ಬೇಕಾದ ದಿಂಬಿಗೆ ಆ ಪೈಪ್ ಹಚ್ಚಿದ್ರ ಕಣ್ಣು ಮಿಟುಕಿಸೂದ್ರಾಗ ಸಿಡೀತದ. ತಮ್ಮಗ ಇದನ್ನ ಓದಿ ತೋರಸ್ರಿ.

ಬೀದರ ಸೊಸಿ:

ನಮ್ಮ ಮಾವನವರನ್ನ ಎರಡು ವರ್ಷ ನೋಡಿಕೊಂಡೀನಿ, ಅದಕ್ಕ ಬರೀತೀನಿ. ಏರ್ ಬೆಡ್ ಎತ್ತಂಗಿಲ್ಲ, ಅದು ಬ್ಯಾರೇನ ಸಾಮಾನು. ಗುಳ್ಳಿ ಸಾಲುಗಳು ಹತ್ತು ನಿಮಿಷಕ್ಕೊಮ್ಮೆ ಪಾಳಿ ಹಚ್ಚಿ ಉಬ್ಬತಾವ, ಇಳೀತಾವ, ಮೈಯ ಒಂದ ಜಾಗಕ್ಕ ಭಾರ ಬೀಳಂಗಿಲ್ಲ. ನಿಮ್ಮ ಅವ್ವ ಹಗಲೆಲ್ಲಾ ಮಲಗೇ ಇದ್ರ ಅದು ಬೇಕು, ಎದ್ದು ಕೂಡ್ತಾಳ ಅಂದ್ರ ಈಗಲೇ ಅವಸರ ಬ್ಯಾಡ.

ತಂದ್ರ ನಾವು ಮಾಡಿದ ತಪ್ಪು ಮಾಡಬ್ಯಾಡ್ರಿ. ಪಲಂಗದ ಹಲಗಿ ಮ್ಯಾಲ ಸೀದಾ ಹಾಸಿದ್ವಿ. ರಾತ್ರಿ ಕರೆಂಟ್ ಹೋಯ್ತು, ಗುಳ್ಳಿ ಎಲ್ಲಾ ಇಳದು ಮುಂಜಾನಿತನಕ ಮಾವ ಬರೀ ಹಲಗಿ ಮ್ಯಾಲ ಮಲಗಿದ್ರು, ನಮಗ ಗೊತ್ತೂ ಆಗಲಿಲ್ಲ. ಮರುದಿನ ಬೆನ್ನ ಕೆಳಗ ಕೆಂಪು ಕಲಿ. ಬೆರಳಲೆ ಒತ್ತಿದ್ರ ಬೆಳ್ಳಗಾಗದೆ ಕೆಂಪ ಉಳೀತು. ಅದು ಹುಣ್ಣಿನ ಮೊದಲ ಹೆಜ್ಜಿ ಅಂದ್ರು ಡಾಕ್ಟರ್. ಆಮ್ಯಾಲ ಕೆಳಗ ಫೋಮ್ ಗಾದಿ ಹಾಕಿದ್ವಿ, ಪಂಪ್ ಇನ್ವರ್ಟರಿಗೆ ಹಚ್ಚಿದ್ವಿ. ಪಂಪ್ ತಿನ್ನೋದು ಸಣ್ಣ ಬಲ್ಬಿನಷ್ಟ ಕರೆಂಟ್, ರಾತ್ರಿಯೆಲ್ಲಾ ನಡೀತದ.

ಅತ್ತಿಯವರು "ಪ್ಲಾಸ್ಟಿಕ್ ಚುಚ್ಚತದ" ಅಂತ ಪ್ರೀತಿಲೆ ಎರಡು ಕೌದಿ ಹಾಸ್ತಿದ್ರು. ಕೌದಿ ಹಾಸಿದ್ರ ಗುಳ್ಳಿ ಉಬ್ಬೋದೂ ಇಳಿಯೋದೂ ಮೈಗೆ ತಿಳಿಯಂಗೇ ಇಲ್ಲ. ತೆಳ್ಳಗಿನ ಹತ್ತಿ ಚಾದರ ಒಂದ ಸಾಕು, ಅದೂ ಬಿಗಿ ಎಳೀಬಾರದು. ಹವಾ ಸಾಕಾಗ್ಯದೇನು ನೋಡಲಾಕ ಗಾದಿ ಕೆಳಗ, ಟೊಂಕದ ನೇರಕ್ಕ, ಅಂಗೈ ಮ್ಯಾಲ ಮಾಡಿ ಸರಸ್ರಿ. ಎಲುಬು ಕೈಗೆ ತಾಗಿದ್ರ ಹವಾ ಕಮ್ಮಿ ಅದ, ನಡುವ ಒಂದು ಇಂಚರೆ ಇರಬೇಕು. ಮತ್ತ ಏರ್ ಬೆಡ್ ಬಂತಂತ ಮಗ್ಗಲು ಬದಲಿಸೋದು ಬಿಡಬ್ಯಾಡ್ರಿ. ನಮ್ಮ ಬ್ಯಾಸಗಿ ಗೊತ್ತಲ್ಲ, ಪ್ಲಾಸ್ಟಿಕ್ ಮ್ಯಾಲ ಬೆನ್ನು ಬೆವತು ಮೆತ್ತಗಾದ್ರ ಚರ್ಮ ಜಲ್ದಿ ಸುಲೀತದ.

ಕಾಗಿಣಾ ಮಾಸ್ತರ:

ಇಪ್ಪತ್ತು ದಿನ ಆಯ್ತು, ಹೇಳದಿದ್ರ ತಪ್ಪಾಗ್ತದ. ಸಿಸ್ಟರ್ ಅಂದಂಗ ಭುಜದ ಕೀಲು ಜರಾ ಇಳದದ. ಕೂತಾಗ ಕೈ ಕೆಳಗ ದಿಂಬು ಕೊಡ್ರಿ, ಜೋತು ಬೀಳಬಾರದು ಅಂದ್ರು ಡಾಕ್ಟರ್. ಹೆಂಡತಿಗೆ ಹೇಳೋದು ಹೆಂಗ ಅಂತ ಎರಡು ದಿನ ಸುಮ್ಮನಿದ್ದೆ. ಅಕಿನ ಕೇಳಿದಳು, "ನಾ ಎಳದದ್ದಕ್ಕ ಏನು?" ಅಂತ. ಸುಳ್ಳು ಹೇಳಲಾಕ ಬರಲಿಲ್ಲ. ಅವ್ವನ "ಎಳೀದಿದ್ರ ಅಲ್ಲೇ ಕೂತಿರ್ತಿದ್ದೆ, ಹೋಗು" ಅಂದಳು.

ಎತ್ತೋ ಕುಶನ್ ಬೆಲಿ ವಿಚಾರಿಸಿದೆ, ಒಂದು ಬಾಡಿಗಿಗೆ ಸಿಕ್ರ ಸಾಕು ಅನ್ನಂಗ ಅದ, ಸಿಕ್ಕಿಲ್ಲ. ಸದ್ಯಕ್ಕ ಬಚ್ಚಲಿಗೆ ರಬ್ಬರ್ ಚಾಪಿ, ಗೋಡಿಗೆ ಸ್ಟೀಲ್ ಹಿಡಿಕಿ, ಟೊಂಕಕ್ಕ ಅಗಲ ಪಟ್ಟಿ. ಖುರ್ಚಿ ಪಾಠ ಫಿಸಿಯೋ ಮುಂದ ಮೂರು ಸಲ ಆಯ್ತು, ಮೂರನೇ ಸಲ ಅವ್ವ ಏಳೂದ್ರಾಗ ನಾನು ಪಟ್ಟಿ ಹಿಡದದ್ದ ಹೆಸರಿಗೆ. ರಾತ್ರಿ ಹೊರಳಲಾಕ ಆಗಂಗಿಲ್ಲ ಅಂತ ಏರ್ ಬೆಡ್ ತಂದೆ, ಕೆಳಗ ಫೋಮ್ ಹಾಕಿನ. ಪಂಪಿನ ಸಪ್ಪಳ ಕೇಳಿ ಅವ್ವ "ಗಾದಿಯೊಳಗ ಬೆಕ್ಕು ಮಲಗ್ಯದ" ಅಂತಾಳ.

ನಿಜ ಬೆಕ್ಕೂ ಮಲಗಿತ್ತು. ಉಗರು ತಾಗಿ ಒಂದು ಗುಳ್ಳಿ ಸುಂಯ್ ಅನ್ನಲಿಕ್ಹತ್ತ್ಯದ. ಜೇವರ್ಗಿ ಅಣ್ಣಾರ, ಸೈಕಲ್ ಸೊಲ್ಯೂಷನ್ ಹಚ್ಚಿ ಪಟ್ಟಿ ಅಂಟಸಲೇನ್ರಿ?

ಜೇವರ್ಗಿ ಪಂಚರ್:

ಬ್ಯಾಡ್ರಿ ಸರ್, ಅದು ರಬ್ಬರಿಗಷ್ಟ ಹಿಡೀತದ. ನಿಮ್ಮದು ಪಿವಿಸಿ, ಎರಡು ದಿನಕ್ಕ ಸುಲದು ಬರ್ತದ. ಬೆಡ್ ಡಬ್ಬಿಯಾಗ ಸಣ್ಣ ಪಟ್ಟಿ, ಗಮ್ ಕೊಟ್ಟಿರ್ತಾರ, ಮೂಲ್ಯಾಗ ಹುಡಕ್ರಿ. ಹವಾ ಪೂರಾ ತಗದು, ಸಾಬೂನು ನೀರಿಲೆ ಒರಸಿ, ಒಣಗಿಸಿ ಹಚ್ರಿ. ಅಂಟಿಸಿದ ಮ್ಯಾಲ ಮ್ಯಾಲ ಭಾರಾದ ಪುಸ್ತಕ ಒಂದು ರಾತ್ರಿ ಇಡ್ರಿ. ಅವತ್ತೊಂದು ರಾತ್ರಿ ಅವ್ವಗ ಫೋಮ್ ಗಾದಿ ಮ್ಯಾಲ, ಮತ್ತ ಎರಡು ತಾಸಿಗೊಮ್ಮೆ ಮಗ್ಗಲ ನೀವ ಬದಲಿಸಬೇಕು.